ನೀರಿನ ಮಾಸ್ಕು, ನಮ್ಮನೆಯ ಮೀಸೆ

ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟೆ. ನಲ್ಲಿ ಬರುವ ದಿನವಾದ್ದರಿಂದ ತೊಟ್ಟಿ ತಿಕ್ಕಿ ತುಂಬಿಸಿದೆ. ಮಾವನಿಗೆ ಕಾಫಿ ಕೊಟ್ಟು, ಅವರ ಕನ್ನಡಕವನ್ನು ಅವರ ದಿಂಬಿನ ಕೆಳಗಿನಿಂದಲೇ ಹುಡುಕಿಕೊಟ್ಟೆ. ಅವರೆಕಾಯಿ ಸುಲಿದೆ. ಮೂಲೆಮನೆಯ ಮದುವೆ ಹುಡುಗಿ ತೋಳು ಬಿಗಿಯೆಂದು ವಾಪಸು ತಂದಿದ್ದ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿದೆ. ಆಮೇಲೆ ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ತಿಳಿನೀರು ತುಂಬಿ, ಅದರಲ್ಲಿ ಒಂದು ಜೊತೆ ರಬ್ಬರಿನ ಈಜುರೆಕ್ಕೆ, ಮೈಗಂಟುವ ಒಂದು ಕಪ್ಪು ಅಂಗಿ, ಗಾಜಿನ ಒಂದು ಮಾಸ್ಕು ಅದ್ದಿ ತೆಗೆದು ಸೀಬೆಮರದ ನೆರಳಿಗೆ ನೇತುಹಾಕಿದೆ. ಬಿಸಿಲಿಗೆ ಹಾಕಬಾರದು, ರಬ್ಬರು ಸೀಳುತ್ತದೆ.

ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದಳು.

"ಅದೇನಕ್ಕ, ಯಾವ್ದೋ ಪ್ರಾಣಿ ಚರ್ಮ ಸುಲ್ದು ನೇತಾಕ್ದಂಗದೆ?"

"ನಮ್ಮನೆಯೋರ ಕೆಲಸದ ಬಟ್ಟೆ ಕಣಮ್ಮ."

"ಅಣ್ಣ ಮೋಟ್ರು ರಿಪೇರಿ ಮಾಡೋದು ಅಂದಿದ್ರಿ?"

"ಮೋಟ್ರು ರಿಪೇರಿನೇ. ಕೆಟ್ಟಿರೋದು ನೀರೊಳಗಿದ್ರೆ ಏನ್ಮಾಡೋದು, ಮೇಲಕ್ಕೆ ಬಾ ಅಂತ ಕರೆಯೋಕಾಗುತ್ತಾ?"

ಅವಳು ತಲೆಯಾಡಿಸಿ ಒಳಗೆ ಹೋದಳು. ನಾನು ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲ ಎಂದು ಅವಳು ತಲೆಯಾಡಿಸಿದ ರೀತಿಯಲ್ಲೇ ಗೊತ್ತಾಯಿತು. ಅವಳಿಗೆ ಪೂರ್ತಿ ಹೇಳಬೇಕಾದರೆ ಒಂದು ಮಧ್ಯಾಹ್ನ ಬೇಕು. ನಿಮಗೆ ಪುರುಸೊತ್ತಿದ್ದರೆ ಇಲ್ಲೇ ಹೇಳಿಬಿಡುತ್ತೇನೆ.

ಹುಣಸೂರಿನಲ್ಲಿ ನಮ್ಮದು ಸಣ್ಣ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಮಾವನ ಮಂಚ. ಮಾವನೆಂದರೆ ನಮ್ಮನೆಯವರ ತಂದೆ. ಎಂಬತ್ತು ದಾಟಿದ್ದಾರೆ, ಕಿವಿ ಮಾತ್ರ ಬೇಡದಿರುವಾಗಲೆಲ್ಲ ಚೆನ್ನಾಗಿ ಕೇಳಿಸುತ್ತದೆ. ನಮ್ಮನೆಯವರು ಮಾದೇವ, ಪಂಪ್‌ಸೆಟ್ ಮೆಕ್ಯಾನಿಕ್ಕು. ಅವರ ಕೆಲಸದಲ್ಲಿ ಬೇರೆಯವರು ಮಾಡದ ಒಂದು ಭಾಗವಿದೆ. ಹೊಳೆಯಿಂದ, ಕೆರೆಯಿಂದ ಗದ್ದೆಗೆ ನೀರೆತ್ತುವ ಪೈಪಿನ ತುದಿಗೆ, ನೀರಿನ ತಳದಲ್ಲಿ, ಜರಡಿಯಂಥ ಒಂದು ಬಾಯಿ ಇರುತ್ತದೆ. ಫುಟ್‌ವಾಲ್ವ್ ಎನ್ನುತ್ತಾರೆ. ಪಾಚಿ, ಬೇರು, ಹರಿದ ಸೀರೆ, ಪ್ಲಾಸ್ಟಿಕ್ಕು ಸುತ್ತಿಕೊಂಡು ಅದು ಕಟ್ಟಿಕೊಂಡರೆ ಮೇಲೆ ಮೋಟ್ರು ಎಷ್ಟು ಕೂಗಿದರೂ ನೀರು ಬರದು. ಆಗ ಯಾರಾದರೂ ಮುಳುಗಿ ಕೈಯಲ್ಲೇ ಬಿಡಿಸಬೇಕು. ಕೆ.ಆರ್.ನಗರದ ಕಬ್ಬಿನವರು, ಪಿರಿಯಾಪಟ್ಟಣದ ಹೊಗೆಸೊಪ್ಪಿನವರು, ಎಚ್.ಡಿ.ಕೋಟೆ ಕಡೆಯ ಶುಂಠಿಯವರು, ಎಲ್ಲರೂ ಕರೆಯುವುದು ಇವರನ್ನೇ. ಮದುವೆಗೆ ಮುಂಚಿನಿಂದಲೂ ಉಸಿರು ಕಟ್ಟಿಕೊಂಡು ಇಳಿಯುತ್ತಿದ್ದವರು.

ನನಗೂ ಆ ಕೆಲಸದಲ್ಲಿ ಒಂದು ಪಾಲಿದೆ. ನಮ್ಮ ಕಡೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಬಂದ ಕೂಡಲೇ ಮೋಟ್ರು ತಾನೇ ಚಾಲೂ ಆಗುವಂತೆ ರೈತರು ಆಟೋ ಸ್ಟಾರ್ಟರ್ ಹಾಕಿಸಿರುತ್ತಾರೆ. ಕೆಳಗೆ ಮನುಷ್ಯ ಕೈಯಿಟ್ಟಿರುವಾಗ ಮೇಲೆ ಮೋಟ್ರು ತಿರುಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಇಳಿಯುವ ಮುಂಚೆ ಫ್ಯೂಸುಗಳನ್ನು ಕಿತ್ತು ನಂಬಿಕೆಯವರೊಬ್ಬರ ಕೈಗೆ ಕೊಡುವುದು ಈ ಕೆಲಸದವರ ಪದ್ಧತಿ. ಮುಳುಗಿದವನು ಮೇಲೆ ಬಂದು ತಾನೇ ಕೈಚಾಚಿ ಕೇಳುವತನಕ ಅವನ್ನು ಯಾರಿಗೂ ಕೊಡುವ ಹಾಗಿಲ್ಲ, ಜಮೀನಿನ ಯಜಮಾನನಿಗೂ ಸಹ. ಇವರು ಕೊಡುವುದು ನನ್ನ ಕೈಗೆ. ನಾನು ಸೆರಗಿಗೆ ಗಂಟು ಹಾಕಿಕೊಂಡು ದಡದಲ್ಲಿ ಕೂರುತ್ತೇನೆ. ಕೂತು ಕೂತು ಅಭ್ಯಾಸವಾಗಿ, ಇವರು ಮುಳುಗಿದ ಕೂಡಲೇ ನಾನೂ ಉಸಿರು ಬಿಗಿಹಿಡಿಯುತ್ತೇನೆ. ಇವರಿಗಿಂತ ಮುಂಚೆ ನನ್ನದೇ ಬಿಟ್ಟುಹೋಗುತ್ತದೆ, ಆ ಮಾತು ಬೇರೆ.

ಎರಡು ವರ್ಷದ ಹಿಂದೆ ಕೆ.ಆರ್.ನಗರದ ಹತ್ತಿರ ಹೊಳೆಯಲ್ಲಿ ಹೀಗೇ ಇಳಿದವರು ಬೇಗ ಬರಲಿಲ್ಲ. ನನ್ನ ಉಸಿರು ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟರೂ ನೀರಿನ ಮೇಲೆ ಗುಳ್ಳೆ ಮಾತ್ರ. ನಾನು ಎದ್ದು ನಿಂತಿದ್ದೆ. ಕೊನೆಗೆ ತಲೆ ಕಾಣಿಸಿತು. ದಡಕ್ಕೆ ಬಂದು ಕೂತು ಕೆಮ್ಮಿದರು, ತುಟಿ ನೇರಳೆಹಣ್ಣು ತಿಂದವರ ಹಾಗಿತ್ತು. ಕಾಲಿಗೆ ಬಲೆಯ ಚೂರು ಸುತ್ತಿಕೊಂಡಿತ್ತಂತೆ. ಫ್ಲಾಸ್ಕಿನ ಟೀ ಕೊಟ್ಟೆ. ಅರ್ಧ ಕುಡಿದು, "ಯಾಕೋ ಉಸ್ರು ಮೊದ್ಲಂಗಿಲ್ಲ ಕಣೆ" ಎಂದರು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ನಾನೇ ಹೇಳಿದೆ. "ಇನ್ಮೇಲೆ ಹಿಂಗೆ ಇಳಿಯೋದಾದ್ರೆ ಫ್ಯೂಸ್ ಹಿಡ್ಕೊಂಡು ಕೂರೋಕೆ ಬೇರೆಯೋರನ್ನ ನೋಡ್ಕೊಳ್ಳಿ."

"ಇನ್ನೇನು, ಮೀನಿನಂಗೆ ಕಿವಿರು ಹಾಕುಸ್ಕಂಬೇಕಾ?"

"ಹಾಕುಸ್ಕೊಳ್ಳಿ."

ಮಾತಿಗೆ ಹೇಳಿದ್ದು ಅದು. ಆದರೆ ಮಾರನೇ ದಿನ ಮಿಷನ್ ಮುಂದೆ ಕೂತವಳು ಫೋನಿನಲ್ಲಿ ಹುಡುಕಿಯೇಬಿಟ್ಟೆ. ನನ್ನ ಫೋನು ಅದುವರೆಗೆ ರವಿಕೆಯ ಬೆನ್ನಿನ ಡಿಸೈನುಗಳನ್ನಷ್ಟೇ ತೋರಿಸುತ್ತಿತ್ತು. 'ನೀರಿನ ಒಳಗೆ ಉಸಿರಾಡುವುದು ಹೇಗೆ' ಎಂದು ಕೇಳಿದ ಮೇಲೆ ಅದಕ್ಕೆ ಏನನ್ನಿಸಿತೋ, ಮೀನು, ಆಮೆ, ಹವಳದ ಗುಡ್ಡ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಜನ ಎಲ್ಲ ಬರತೊಡಗಿದರು. ಈಗಲೂ ಗಿರಾಕಿಗಳಿಗೆ ತೋಳಿನ ಪಫ್ಫು ತೋರಿಸೋಣವೆಂದು ಫೋನು ತೆರೆದರೆ ಮೊದಲು ಶಾರ್ಕು ಬಂದು ಹೋಗುತ್ತದೆ.

ಆ ವಿಡಿಯೋಗಳಲ್ಲಿ ಒಂದು ಕನ್ನಡದ್ದು. ಕರಾವಳಿ ಕಡೆಯಲ್ಲಿ ಸ್ಕೂಬಾ ಕಲಿಸುವ ಶೈಲಾ ಎಂಬ ಹೆಣ್ಣುಮಗಳದು. ಕೆಳಗೆ ನಂಬರಿತ್ತು. ಧೈರ್ಯ ಮಾಡಿ ಫೋನು ಮಾಡಿದೆ. ಇವರ ಕೆಲಸ, ವಯಸ್ಸು, ಹೊಳೆಯಲ್ಲಿ ಆದದ್ದು ಎಲ್ಲ ಹೇಳಿದೆ. ಆಕೆ ಸಾವಧಾನವಾಗಿ ಕೇಳಿದರು.

"ಮೊದಲು ಡಾಕ್ಟರ ಹತ್ತಿರ ಕಿವಿ, ಎದೆ ಎಲ್ಲ ತೋರಿಸಿ ಚೀಟಿ ತಕೊಳ್ಳಿ. ದೀಪಾವಳಿ ಕಳೆದ ಮೇಲೆ ಕಡಲು ತಿಳಿಯಾಗ್ತದೆ, ಆಗ ಕಳಿಸಿ. ಆದರೆ ನೋಡಿ, ಇದನ್ನು ಕಲಿತ ಮರುದಿನವೇ ಪೈಪಿಗೆ ಇಳಿಯುವುದಲ್ಲ. ಅದಕ್ಕೆ ಮುಂದಿನ ತರಬೇತಿ ಬೇರೆ ಉಂಟು. ಒಬ್ಬರೇ ಇಳಿಯುವ ಹಾಗೂ ಇಲ್ಲ."

"ಸಾಮಾನೆಲ್ಲ ಕೊಂಡ್ಕೋಬೇಕಾ ಮೇಡಂ?" ಎಂದೆ. ನಿಜ ಹೇಳಬೇಕೆಂದರೆ ಆ ಸಾಮಾನಿನ ಬೆಲೆ ನೋಡಿ ನಾನು ಫೋನನ್ನು ಮಗುಚಿಟ್ಟಿದ್ದೆ. ಹೊಸ ಮಿಷನ್ನಿಗೆಂದು ಕಟ್ಟುತ್ತಿದ್ದ ಒಂದು ಚೀಟಿ ಬಿಟ್ಟರೆ ನಮ್ಮಲ್ಲಿ ಬೇರೆ ಗಂಟಿರಲಿಲ್ಲ.

"ಒಟ್ಟಿಗೆ ಎಲ್ಲ ತಕೊಳ್ಬೇಡಿ ಮಾರಾಯ್ರೆ. ಸಿಲಿಂಡರು, ಉಸಿರು ಕೊಡುವ ರೆಗ್ಯುಲೇಟರು, ತೇಲಿಸುವ ಜಾಕೆಟ್ಟು ನಮ್ಮಲ್ಲೇ ಬಾಡಿಗೆಗೆ ಸಿಗ್ತದೆ. ಉಸಿರಿನ ಸಾಮಾನನ್ನು ಮಾತ್ರ ಅಗ್ಗಕ್ಕೆ ಬಂತು, ಹಳೆಯದು ಸಿಕ್ಕಿತು ಅಂತ ಕಂಡವರ ಹತ್ತಿರ ತಕೊಳ್ಳಲೇಬೇಡಿ. ನೀವು ಮೊದಲು ಸ್ವಂತಕ್ಕೆ ತಕೊಳ್ಬೇಕಾದದ್ದು ಮಾಸ್ಕು. ಅದು ಒಬ್ಬೊಬ್ಬರ ಮುಖಕ್ಕೆ ಒಂದೊಂದು. ಆಮೇಲೆ ಈಜುರೆಕ್ಕೆ, ಆಮೇಲೆ ಅಂಗಿ. ಮಾಸ್ಕಿನ ಬಣ್ಣ ನೋಡ್ಬೇಡಿ, ಚೆಂದ ನೋಡ್ಬೇಡಿ, ಮುಖಕ್ಕೆ ಕೂರ್ತದಾ ನೋಡಿ."

ಮುಖಕ್ಕೆ ಕೂರಬೇಕು ಎಂದದ್ದು ನನಗೆ ತಟ್ಟನೆ ಹಿಡಿಸಿತು. ಬೆಲೆಗಿಂತ ಅಳತೆ ದೊಡ್ಡದೆಂದು ದರ್ಜಿಗೆ ಬೇರೆ ಹೇಳಬೇಕೆ? ಅದಕ್ಕಿಂತ ಮುಂಚೆ, ಚಿಕ್ಕಂದಿನಲ್ಲೇ, ನಾನು ಅದನ್ನು ನೀರು ಕುಡಿದು ಕಲಿತವಳು. ನನ್ನ ತಾಯಿಯ ಊರು ಕಾವೇರಿಯ ದಡದಲ್ಲಿ. ಬೇಸಿಗೆ ರಜದಲ್ಲಿ ಮಕ್ಕಳಿಗೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸುವುದು. ಬುರುಡೆ ಆರಿಸುವ ಕೆಲಸ ನಮ್ಮಜ್ಜಿಯದು. ಅಟ್ಟದಿಂದ ಒಂದೊಂದನ್ನೇ ಇಳಿಸಿ, ಬೆರಳಗಂಟಿನಿಂದ ತಟ್ಟಿ ಕೇಳಿ, ಆಮೇಲೆ ಕೊಳಗದ ನೀರಿನಲ್ಲಿ ಅದುಮಿ ಹಿಡಿದು ಗುಳ್ಳೆ ಬರುತ್ತದೋ ನೋಡುತ್ತಿದ್ದಳು. ನನಗೆ ಆರಿಸಿಕೊಟ್ಟದ್ದು ಕುಳ್ಳಗಿನ ಒಂದು ಬುರುಡೆ, ಮೇಲೆ ಮಸಿಯ ಕಲೆ ಬೇರೆ. ಅಕ್ಕನದು ಉದ್ದ ಕತ್ತಿನ ಚೆಂದದ್ದು. ಅಜ್ಜಿ ಆಚೆ ಹೋದಾಗ ಅಕ್ಕನಿಗೆ ಕಡಲೆಮಿಠಾಯಿ ಕೊಟ್ಟು ಬದಲಾಯಿಸಿಕೊಂಡೆ. ನೀರಿಗಿಳಿದ ಕೂಡಲೇ ಚೆಂದದ ಬುರುಡೆ ಜಾರಿ ಕತ್ತಿನ ಹಿಂದಕ್ಕೆ ಬಂತು, ನನ್ನ ಮುಖವನ್ನು ಒತ್ತಿ ನೀರಿಗೆ ಹಿಡಿಯಿತು. ಬುರುಡೆ ತೇಲಿತು, ನಾನು ಮಾತ್ರ ಮುಳುಗಿದೆ. ಜುಟ್ಟು ಹಿಡಿದು ಎತ್ತಿದ ಅಜ್ಜಿ, "ಅದ್ರ ಅಂದ ನೋಡಕ್ಕೆ ಮೀನು ಬತ್ತದಾ?" ಎಂದು ಬೆನ್ನಿಗೆ ಒಂದು ಕೊಟ್ಟಳು. ಆ ಏಟಿಗೆ ಕುಡಿದ ನೀರೆಲ್ಲ ಆಚೆಗೆ ಬಂತು.

ಇಷ್ಟೆಲ್ಲ ಕಲಿತಿದ್ದೂ ನಾನು ಮೊದಲು ತಂದದ್ದು ತಪ್ಪು ಸಾಮಾನು. ಮೈಸೂರಿನ ಅಂಗಡಿಯಲ್ಲಿ ಈಜುವವರ ಕನ್ನಡಕ ನೋಡಿ, ಮಾಸ್ಕಿನ ಬೆಲೆಯಲ್ಲಿ ಕಾಲುಭಾಗಕ್ಕೆ ಸಿಕ್ಕಿತೆಂದು ಜಂಬದಿಂದ ಶೈಲಾ ಮೇಡಂಗೆ ಫೋಟೋ ಕಳಿಸಿದೆ. "ಮೂಗು ಹೊರಗೆ ಉಳಿಯಿತಲ್ಲ. ಆಳದಲ್ಲಿ ಒತ್ತಡಕ್ಕೆ ಕಣ್ಣು ಎಳೀತದೆ. ಮೂಗೂ ಒಳಗೆ ಬರುವಂಥದ್ದು ಬೇಕು" ಎಂದರು. ಅದನ್ನು ಮಾವನೇ ಇಟ್ಟುಕೊಂಡು ನಾನು ಈರುಳ್ಳಿ ಹೆಚ್ಚುವಾಗ ಹಾಕಿಕೊಂಡು ಕೂರುತ್ತಾರೆ.

ಅಂಗಿಯನ್ನು ನಾನೇ ಹೊಲಿದುಬಿಡುತ್ತೇನೆ ಎಂದೂ ಹೇಳಿಕೊಂಡು ತಿರುಗಿದೆ. ಇಷ್ಟು ವರ್ಷ ರವಿಕೆ ಹೊಲಿದವಳಿಗೆ ಒಂದು ಕಪ್ಪು ಅಂಗಿ ಯಾವ ಲೆಕ್ಕ! ಇವರನ್ನು ನಿಲ್ಲಿಸಿ ಅಳತೆಯನ್ನೂ ತೆಗೆದೆ. ಹೊಟ್ಟೆಯ ಅಳತೆ ಹೇಳಿದಾಗ ಇವರು, "ಉಸ್ರು ಬುಟ್ಟಿದ್ದೆ, ಇನ್ನೊಂದ್ಸಲ ಹಿಡಿ" ಎಂದರು. ಆಮೇಲೆ ಆ ಬಟ್ಟೆ ಬಟ್ಟೆಯೇ ಅಲ್ಲ, ಸ್ಪಂಜಿನಂಥ ರಬ್ಬರಿನ ಹಾಳೆ, ನನ್ನ ಮಿಷನ್ನಿನ ಸೂಜಿ ಚುಚ್ಚಿದಲ್ಲೆಲ್ಲ ನೀರು ನುಗ್ಗುತ್ತದೆ ಎಂದು ತಿಳಿದು ಸುಮ್ಮನಾದೆ. ತರಬೇತಿಯವರು ಹೊಸದು ತರಿಸಿಕೊಂಡು ಮಾರಿದ ಒಂದು ಹಳೆಯ ಅಂಗಿಯನ್ನು ಶೈಲಾ ಮೇಡಂ ಕೊಡಿಸಿದರು. ಮೊಣಕಾಲಿನ ಹತ್ತಿರ ತೇಪೆಯಿದೆ, ಆದರೆ ಮೈಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.

ಈಜುರೆಕ್ಕೆಯ ಒಳಗೆ ಕಾಲು ಉಜ್ಜದಂತೆ ಏನಾದರೂ ಬೇಕೆಂದು ಬೈಲಕುಪ್ಪೆಗೆ ಹೋದೆವು. ಅಲ್ಲಿ ಸ್ವೆಟರು, ಟೋಪಿ, ಕಾಲುಚೀಲ ದಪ್ಪದವು ಸಿಗುತ್ತವಲ್ಲ, ಅದಕ್ಕೆ. ಅಂಗಡಿಯ ಟಿಬೆಟನ್ ಅಮ್ಮ ನಾವು ಆರಿಸಿದ ಉಣ್ಣೆಯ ಕಾಲುಚೀಲವನ್ನು ಕವರಿಗೆ ಹಾಕುತ್ತ, "ಯಾವ ಊರಿಗೆ ಹೋಗೋದು, ಚಳಿಗೆ?" ಎಂದರು.

"ನೀರೊಳಗಡೆ ಹಾಕೋಕಮ್ಮ" ಎಂದರು ಇವರು.

ಆಕೆ ಕವರಿನಿಂದ ಕಾಲುಚೀಲವನ್ನು ವಾಪಸು ತೆಗೆದಿಟ್ಟರು. "ಬೇಡ. ಇದು ನೀರು ಕುಡೀತದೆ, ಕುರಿಗಿಂತ ಭಾರ ಆಗ್ತದೆ. ಆಮೇಲೆ ನನ್ನ ಅಂಗಡಿಗೆ ಬೈತೀರ." ಒಳಗೆ ಹೋಗಿ, ಮೋಟರ್‌ಬೈಕಿನವರು ಹಾಕುವ ತೆಳು ರಬ್ಬರಿನ ಬೂಟು ತಂದು ತೋರಿಸಿದರು. ಅದು ರೆಕ್ಕೆಯೊಳಗೆ ಕೂತಿತು. ಮಾರುವವರೇ ಬೇಡವೆಂದು ಹೇಳಿದ ಅಂಗಡಿ ನಾನು ಕಂಡದ್ದು ಅದೊಂದೇ.

ಹೀಗೆ ಎಲ್ಲ ಒಂದೊಂದಾಗಿ ಕೂಡಿಬಂತು, ಮೊದಲು ಕೊಳ್ಳಬೇಕೆಂದಿದ್ದ ಮಾಸ್ಕೊಂದನ್ನು ಬಿಟ್ಟು. ಮಾಸ್ಕು ತರಿಸಿದ್ದೆವು. ಅದನ್ನು ಪರೀಕ್ಷಿಸುವ ಬಗೆಯನ್ನೂ ಮೇಡಂ ಹೇಳಿಕೊಟ್ಟಿದ್ದರು. ಪಟ್ಟಿ ಹಾಕಬಾರದು. ಬರೀ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು, ಕೈ ಬಿಡಬೇಕು. ಸರಿಯಾದದ್ದಾದರೆ ಬೀಳದೆ ಮುಖಕ್ಕೇ ಅಂಟಿ ನಿಲ್ಲುತ್ತದೆ. ಇವರು ಒತ್ತಿದರು, ಎಳೆದರು, ಕೈ ಬಿಟ್ಟರು. ಮಾಸ್ಕು ಮಡಿಲಿಗೆ ಬಿತ್ತು. ಹಿಂದಕ್ಕೆ ಕಳಿಸಿ ಬೇರೆ ಅಳತೆಯದು ತರಿಸಿದೆವು. ಅದೂ ಬಿತ್ತು. "ಮಾಸ್ಕ್ ಕೂರದಿದ್ದರೆ ಬರಲೇಬೇಡಿ" ಎಂದು ಮೇಡಂ ಖಂಡಿತವಾಗಿ ಹೇಳಿದ್ದರು. ಮೊದಲ ದಿನವೇ ಮೂಗಿಗೆ ಕಣ್ಣಿಗೆ ನೀರು ನುಗ್ಗಿದರೆ ಎಂಥವರೂ ಹೆದರುತ್ತಾರಂತೆ. ಇವರ ಕೆಲಸವಂತೂ ಕೆಸರುನೀರಿನಲ್ಲಿ. ದೀಪಾವಳಿ ಹತ್ತಿರ ಬರುತ್ತಿತ್ತು.

ಎರಡನೆಯ ಮಾಸ್ಕು ಬಂದ ಸಂಜೆಗೆ ಸರಿಯಾಗಿ ಸಲೀಂ ಭಾಯಿ ಬಂದರು. ನಮ್ಮ ಬೀದಿಯ ತುದಿಯಲ್ಲಿ ಅವರ ಟೈರು ಪಂಚರ್ ಅಂಗಡಿ. ನೀರಿನಲ್ಲಿ ಮೈ ತೇಲದಂತೆ ಸೊಂಟಕ್ಕೆ ಕಟ್ಟುವ ತೂಕವನ್ನು, ಕಾರಿನ ಚಕ್ರಕ್ಕೆ ಹಾಕುವ ಹಳೆಯ ಸೀಸದಿಂದ ಎರಕ ಹೊಯ್ದು ತಂದಿದ್ದರು. ಒಳಗೆ ಬಂದವರು ಇವರ ಮಡಿಲಿಗೆ ಮಾಸ್ಕು ಬೀಳುವುದನ್ನು ನೋಡಿದರು.

"ಎರಡ್ನೇದೂ ಇಂಗೇ ಕಣ್ ಸಲೀಂ. ಮಾಲೇ ಸರಿ ಇಲ್ಲ" ಎಂದರು ಇವರು.

"ಕೊಡು ಇಲ್ಲಿ ಮಾದೇವಣ್ಣ. ಗಾಳಿ ಎಲ್ಲಿ ಹೋಗ್ತದೆ ಅಂತ ಹುಡ್ಕೋದೇ ನನ್ ರೋಜಿನ ಕೆಲ್ಸ." ಸಲೀಂ ಭಾಯಿ ಮಾಸ್ಕನ್ನು ಮುಖಕ್ಕೆ ಒತ್ತಿ ಉಸಿರೆಳೆದು ಎರಡೂ ಕೈ ಅಗಲಿಸಿ ನಿಂತರು. ಮಾಸ್ಕು ಅಲ್ಲಾಡಲಿಲ್ಲ. ಮೂಗು ಕಟ್ಟಿದ ದನಿಯಲ್ಲಿ, "ನಿಂತದಲ್ಲ?" ಎಂದರು.

ನಾನೂ ಹಣೆಯ ಸ್ಟಿಕ್ಕರ್ ತೆಗೆದು ಮಿಷನ್ನಿಗೆ ಅಂಟಿಸಿ, ಹಾಕಿ ನೋಡಿದೆ. ನನಗೂ ನಿಂತಿತು. ಬಿಚ್ಚುವಾಗ ಪಿಚಕ್ಕೆಂದಿತು.

ಸಲೀಂ ಭಾಯಿ ಗಡ್ಡ ಉಜ್ಜಿಕೊಳ್ಳುತ್ತ ಯೋಚಿಸಿದರು. ಅವರಿಗೆ ಗಡ್ಡವಿದೆ, ಮೀಸೆ ಬೋಳಿಸುತ್ತಾರೆ. ಆಮೇಲೆ ಮಂಚದ ಕಡೆ ತಿರುಗಿ, "ತಾತ, ನೀವೂ ಒಂದ್ಸಲ" ಎಂದು ಮಾವನ ಮುಖಕ್ಕೂ ಒತ್ತಿದರು. ಮಾವ ಸೊರ್ರೆಂದು ಉಸಿರೆಳೆದರು. ಸಲೀಂ ಭಾಯಿ ಕೈ ಬಿಟ್ಟರು. ಮಾಸ್ಕು ಕಂಬಳಿಯ ಮೇಲೆ ಬಿತ್ತು.

ನಾನು ಮಾವನ ಬಿಳಿ ಮೀಸೆ ನೋಡಿದೆ, ಇವರ ಕಪ್ಪು ಮೀಸೆ ನೋಡಿದೆ. ಅಪ್ಪನದೂ ಮಗನದೂ ಒಂದೇ ಅಚ್ಚು, ಪೊರಕೆಯ ಹಾಗೆ ದಟ್ಟ. ಗಾಳಿ ಓಡಾಡುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಬೇಕೆ?

"ಗಾಳಿ ಎಲ್ಲಿ ಹೋಗ್ತದೆ ಅಂತ ಗೊತ್ತಾಯ್ತು" ಎಂದರು ಸಲೀಂ ಭಾಯಿ, ಚಪ್ಪಲಿ ಹುಡುಕುತ್ತ. "ಆದ್ರೆ ಈ ಪಂಚರ್ ಮಾತ್ರ ನಾನು ಹಾಕಲ್ಲಪ್ಪ."

ಅವರು ಹಾಗೆಂದದ್ದಕ್ಕೆ ಕಾರಣವಿದೆ. ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ತಂದೆ ತೀರಿಕೊಂಡಾಗ. ಅಪ್ಪ ಬದುಕಿರುವಾಗ ಮೇಲುತುಟಿಗೆ ಕತ್ತಿ ತಾಗಿಸುವುದೆಂದರೆ ಅಪ್ಪನ ಸಾವನ್ನು ಕರೆದಂತೆ. ಪೇಟೆಯ ಹುಡುಗರು ಈಗ ಕೇಳುವುದಿಲ್ಲ, ಸರಿ. ಆದರೆ ಇವರು ಐವತ್ತು ದಾಟಿದವರು, ಮೀಸೆ ಚಿಗುರಿದ ದಿನದಿಂದ ಒಮ್ಮೆಯೂ ತೆಗೆದವರಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಇವರ ಮೇಲುತುಟಿ ಕಂಡಿರಲಿಲ್ಲ. ಅದೂ ಮಾವ ಅದೇ ಕೋಣೆಯಲ್ಲಿ ಕೂತಿರುವಾಗ ಆ ಮಾತು ಎತ್ತುವುದು ಹೇಗೆ?

ಮೇಡಂಗೆ ಫೋನು ಮಾಡಿದೆ. "ಮೀಸೆಗೆ ದಪ್ಪ ವ್ಯಾಸಲಿನ್ ಹಚ್ಚಿ ನೋಡಿ, ಇಲ್ಲದಿದ್ದರೆ ಮೂಗಿನ ಕೆಳಗೆ ಒಂದು ಗೆರೆಯಷ್ಟು ಕತ್ತರಿಸಿ. ಕೆಲವರಿಗೆ ಸಾಕಾಗ್ತದೆ" ಎಂದರು. ವ್ಯಾಸಲಿನ್ ಹಚ್ಚಿದೆವು. ಮಾಸ್ಕು ಬೀಳಲಿಲ್ಲ, ನಿಧಾನವಾಗಿ ಗಲ್ಲದವರೆಗೆ ಜಾರಿ ಆಮೇಲೆ ಬಿತ್ತು. ಗೆರೆಯಷ್ಟು ಕತ್ತರಿಸಿದೆವು. ಗದ್ದೆಗೆ ಬದು ಕಡಿದಂತೆ ಕಂಡಿತು, ಆದರೂ ನಿಲ್ಲಲಿಲ್ಲ. ಇವರು ಒದ್ದೆ ಬಟ್ಟೆಯಲ್ಲಿ ವ್ಯಾಸಲಿನ್ ಒರೆಸಿಕೊಂಡು ಮಾಸ್ಕನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದರು.

"ಬುಡು. ಇಷ್ಟ್ ದಿನ ಎಂಗೆ ಉಸ್ರು ಕಟ್ಕಂಡು ಹೋಯ್ತಿದ್ನೋ ಅಂಗೇ ಹೋಯ್ತೀನಿ."

"ಎಷ್ಟು ದಿನ?"

"ಆಗೋವಷ್ಟು ದಿನ. ಕರೆಯೋರಿಗೆ ಬರಕ್ಕಿಲ್ಲ ಅನ್ನಕ್ಕಾಯ್ತದಾ? ಅಪ್ಪ ಇರೋವಾಗ ಇದ ತೆಗ್ದು ನಾ ಬೀದೀಲಿ ಮುಖ ತೋರ್ಸಕ್ಕಾಯ್ತದಾ?"

ಹೊಳೆಯ ದಡದಲ್ಲಿ ಕಂಡ ಆ ನೇರಳೆ ತುಟಿ ಕಣ್ಣಮುಂದೆ ಬಂತು. ಮಿಷನ್ನಿನ ಮುಂದೆ ಕೂತು, ಹೊಲಿಯಲು ಏನೂ ಇಲ್ಲದಿದ್ದರೂ ಸುಮ್ಮನೆ ಒಂದು ಚಿಂದಿಯ ಮೇಲೆ ಹೊಲಿಗೆ ಓಡಿಸಿದೆ. ಮಂಚದ ಮೇಲೆ ಮಾವ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅವರ ಕಿವಿಯ ವಿಷಯ ಆಗಲೇ ಹೇಳಿದೆನಲ್ಲ.

ಮಾರನೇ ಬೆಳಿಗ್ಗೆ ಕಾಫಿ ಕೊಟ್ಟಾಗ ಮಾವ ಲೋಟ ಹಿಡಿದರು, ಕುಡಿಯಲಿಲ್ಲ. ಇವರು ಅಂಗಳದ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದರು.

"ಲೇ ಮಾದೇವ, ಬಾ ಇಲ್ಲಿ."

"ಏನಪ್ಪ?" ಇವರು ಬಾಯಿ ಮುಕ್ಕಳಿಸಿ ಬಂದರು.

"ನಾ ಸತ್ತಾಗ ಮೀಸೆ ತೆಗಿಸ್ತೀಯಲ್ಲ?"

"ಎದ್ದೆದ್ದಂಗೇ ಎಂಥ ಮಾತಪ್ಪ ಇದು."

"ತೆಗಿಸ್ತೀಯೋ ಇಲ್ವೋ, ಅದೇಳು."

"ತೆಗಿಸ್ದೆ ಇರಕ್ಕಾಯ್ತದಾ?"

"ಆಗ ಊರೋರೆಲ್ಲ ನೋಡ್ತಾರೆ. ನಿನ್ ಎಡ್ತಿ ನೋಡ್ತಾಳೆ, ಆ ಸಲೀಮನೂ ನೋಡ್ತಾನೆ. ಯಾರ್ಗೋಸ್ಕರ ತೆಗ್ದಿದ್ದೋ ಅವ್ನೊಬ್ಬ ನೋಡಂಗಿಲ್ಲ. ಯಾವೂರ ನ್ಯಾಯ್ವಲಾ ಇದು?"

ಇವರು ನನ್ನ ಮುಖ ನೋಡಿದರು. ನಾನು ತೊಟ್ಟಿಯ ಮುಚ್ಚಳ ನೋಡಿದೆ.

"ನಾ ಇರೋವಾಗ್ಲೇ ತೆಗಿ" ಎಂದರು ಮಾವ. "ಕೂತ್ಕಂಡು ನೋಡ್ತೀನಿ."

"ಜನ ಏನಂದಾರು?"

"ನನ್ನ ಕೇಳ್ಕಂಡು ಬಂದ್ರೆ ನಾನೇ ಹೇಳ್ತೀನಿ, ಇನ್ನೂ ಇವ್ನಿ ಅಂತ. ಓಗು, ಬ್ಲೇಡ್ ತಕ್ಕಬಾ. ಸಲೂನ್‌ಗೋಗ್ಬ್ಯಾಡ, ಇಲ್ಲೇ ಮಾಡು. ಲೇ ಅವ್ವ, ಆ ಕನ್ನಡ್ಕ ಎಲ್ಲಿಟ್ಟೆ?"

ಕನ್ನಡಕ ಹುಡುಕಿಕೊಟ್ಟೆ. ಅಂಗಳಕ್ಕೆ ಕುರ್ಚಿ ಹಾಕಿ ಮಾವನನ್ನು ಕೂರಿಸಿದೆ. ಇವರು ಸೀಬೆಮರದ ಕೊಂಬೆಗೆ ಕನ್ನಡಿ ಸಿಕ್ಕಿಸಿ, ಸೋಪು ಹಚ್ಚಿ, ಬಹಳ ಹೊತ್ತು ಹಾಗೇ ನಿಂತರು. ಮೊದಲು ಕತ್ತರಿ, ಆಮೇಲೆ ರೇಜರು. ಒಂದು ಕಡೆ ಸ್ವಲ್ಪ ಗಾಯವಾಯಿತು. ರಕ್ತ ನಿಲ್ಲಲು ಪಟಿಕದ ತುಂಡು ಕೊಟ್ಟೆ. ಮುಖ ತೊಳೆದು, ನಮ್ಮ ಕಡೆ ತಿರುಗದೆ, ನೇರ ಮಾಸ್ಕು ತೆಗೆದುಕೊಂಡು ಒತ್ತಿ ಕೈ ಬಿಟ್ಟರು. ನಿಂತಿತು. ತಲೆ ಅಲ್ಲಾಡಿಸಿದರೂ ನಿಂತಿತು. ಪಟ್ಟಿ ಹಾಕಿಕೊಂಡು, ತುಂಬಿದ ತೊಟ್ಟಿಗೆ ಬಗ್ಗಿ ಮುಖ ಮುಳುಗಿಸಿದರು. ನಾನು ಅಭ್ಯಾಸಬಲದಿಂದ ಉಸಿರು ಹಿಡಿದೆ. ಎದ್ದಾಗ ಗಾಜಿನ ಒಳಗೆ ಒಂದು ಹನಿಯೂ ಇರಲಿಲ್ಲ. ಒಳಗಿನ ಕಣ್ಣು ಮಾತ್ರ ಒದ್ದೆಯಾಗಿತ್ತು. ಸೋಪಿನ ಉರಿ ಎಂದರು.

ಈಗ ಇವರು ಎರಡೂ ತರಬೇತಿ ಮುಗಿಸಿದ್ದಾರೆ. ದೊಡ್ಡ ಕೆಲಸಗಳಿಗೆ ಸಿಲಿಂಡರು, ಜಾಕೆಟ್ಟು ಬಾಡಿಗೆಗೆ ತರುತ್ತಾರೆ, ಜೊತೆಗೆ ಅಲ್ಲೇ ಕಲಿತ ಇನ್ನೊಬ್ಬರು ಇಳಿಯುತ್ತಾರೆ. ನಾನು ಮೊದಲಿನ ಹಾಗೆಯೇ ಫ್ಯೂಸು ಕಟ್ಟಿಕೊಂಡು ದಡದಲ್ಲಿ ಕೂರುತ್ತೇನೆ. ಈಗ ಬರುವ ಗುಳ್ಳೆಗಳು ಎಡೆಬಿಡದೆ ಸಮನಾಗಿ ಬರುತ್ತವೆ. ಅವನ್ನು ನೋಡುತ್ತ ನಾನು ನನ್ನ ಪಾಡಿಗೆ ಉಸಿರಾಡಿಕೊಂಡು ರವಿಕೆಗಳಿಗೆ ಹುಕ್ಕು ಹಾಕುತ್ತೇನೆ. ವಾರಕ್ಕೊಮ್ಮೆ ಮಾವನೇ ಮಗನನ್ನು ಕರೆದು ತುಟಿ ಸವರಿ, "ಬೆಳ್ದದೆ, ತೆಗಿ" ಎನ್ನುತ್ತಾರೆ. ಮೊದಲ ತಿಂಗಳು ಮಾತ್ರ ಪೇಚಾಟವಾಯಿತು. ಕೆ.ಆರ್.ನಗರದ ಕಬ್ಬಿನ ಯಜಮಾನರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಇವರ ಮುಖ ನೋಡಿ, ಏನೂ ಕೇಳದೆ, ಮಾರನೇ ದಿನ ಬಾಳೆಹಣ್ಣು ಹಿಡಿದು ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದರು. ಬಾಗಿಲು ತೆಗೆದದ್ದು ಮಾವ. ಅವರು ಬೆಚ್ಚಿ ಹಿಂದೆ ಸರಿದರೆ ಮಾವ ಅವರ ಕೈಯಲ್ಲಿದ್ದ ಹಣ್ಣನ್ನು ತಾವೇ ತೆಗೆದುಕೊಂಡು, "ಬನ್ನಿ ಒಳಕ್ಕೆ. ನನ್ ತಿಥಿಗೆ ನಾನೇ ಇವ್ನಿ" ಎಂದು ಕೂರಿಸಿ ಕಾಫಿ ಕೊಡಿಸಿದರು.

ಮೀಸೆ ತೆಗೆದ ದಿನದ ವಿಷಯಕ್ಕೆ ಬರುತ್ತೇನೆ. ತೊಟ್ಟಿಯಿಂದ ಎದ್ದವರು ಮಾಸ್ಕು ಬಿಚ್ಚದೆ ನಿಂತೇ ಇದ್ದರು. ಮಾವ, "ತೆಗೀಲಾ ಅದ್ನ, ನಾ ನೋಡ್ಬೇಕಲ್ಲ" ಎಂದರು. ಇವರು ನಿಧಾನವಾಗಿ ಬಿಚ್ಚಿ, ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮೇಲುತುಟಿ ಬಿಸಿಲು ಕಾಣದೆ ಬೆಳ್ಳಗಿತ್ತು, ನಡುವೆ ಸಣ್ಣ ತಗ್ಗು. ಮಾವ ಕನ್ನಡಕ ಸರಿಮಾಡಿಕೊಂಡು ಮಗನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಕ್ಷೌರ ಎಲ್ಲಾದರೂ ಬಿಟ್ಟುಹೋಗಿದೆಯೋ ಎಂದು ನೋಡುತ್ತಿದ್ದಾರೆಂದುಕೊಂಡೆ.

"ನಿಮ್ಮವ್ವನ ತುಟಿ ಕಣ್ಲಾ ಇದು" ಎಂದರು. "ಇಷ್ಟ್ ದಿನ ಮುಚ್ಚಿಟ್ಕಂಡಿದ್ಯಲ್ಲ."

ಅತ್ತೆಯನ್ನು ನಾನು ನೋಡಿಲ್ಲ, ಇವರಿಗೆ ಮೀಸೆ ಚಿಗುರುವ ಮುಂಚೆಯೇ ಹೋದವರು. ಅವರದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಮಾವ ಕೈ ಬಿಡಲಿಲ್ಲ, ಇವರೂ ಎದ್ದೇಳಲಿಲ್ಲ. ನಾನು ಒಳಗೆ ಹೋಗಿ ಒಲೆ ಹಚ್ಚಿದೆ.

ಆ ಸಂಜೆ ಬೇಗ ಉಂಡೆವು. ರಾಗಿಮುದ್ದೆ, ಹುರುಳಿಕಾಳಿನ ಉಪ್ಸಾರು, ಸುಟ್ಟ ಬದನೆಕಾಯಿಯ ಗೊಜ್ಜು. ಇವರು ಎರಡನೇ ಮುದ್ದೆ ಹಾಕಿಸಿಕೊಂಡು, ಸಾರು ನೇರವಾಗಿ ಬಾಯಿಗೇ ಹೋಗುತ್ತದೆ ಕಣೆ ಎಂದು ಹೊಸದೇನೋ ಕಂಡುಹಿಡಿದಂತೆ ಹೇಳಿದರು. ದಿನವೂ ಉಂಡ ಕೂಡಲೇ ಮೊದಲು ಮಲಗುವವರು ಮಾವ. ಆ ದಿನ ಇವರೇ ಮಾವನ ಮಂಚದ ಪಕ್ಕ ಚಾಪೆ ಹಾಕಿಕೊಂಡು ಮಲಗಿ, ಮಲಗಿದ ಕೂಡಲೇ ಗೊರಕೆ ಹೊಡೆದರು. ನಾನು ಪಾತ್ರೆ ತೊಳೆದು ಬಂದಾಗ ಮಾವ ಕನ್ನಡಕ ಹಾಕಿಕೊಂಡು, ಚಾಪೆಯ ಕಡೆ ತಿರುಗಿ ಇನ್ನೂ ಕೂತೇ ಇದ್ದರು.

"ಲೈಟು ಆರಿಸ್ಲಾ ಮಾವ?"

"ಇರ್ಲಿ ತಡಿಯವ್ವ" ಎಂದರು.